ನಿಂಗಮ್ಮನ ಕೈ

ನನ್ನ ಮಗಳನ್ನು ಮೊದಲು ಮುಟ್ಟಿದ ಕೈ ಪಕ್ಕದ ಮನೆಯ ಸೂಲಗಿತ್ತಿ ನಿಂಗಮ್ಮನದು. ಮುಟ್ಟುವ ಮುಂಚೆ ಸೀಸೆಯಿಂದ ಸಾರಾಯಿ ಸುರಿದುಕೊಂಡು ಮೊಣಕೈವರೆಗೂ ತಿಕ್ಕಿಕೊಂಡಿದ್ದಳು. ಅವಳ ಅವ್ವ ಕಲಿಸಿದ ಕ್ರಮವಂತೆ. ಮೈಸೂರಿನಲ್ಲಿ ಓದಿ ಬಂದ ನಾನು ಆ ವಾಸನೆಗೆ ಮುಖ ತಿರುಗಿಸಿದ್ದೆ. "ಮೂಗು ಆಮ್ಯಾಕೆ ಮುಚ್ಕಳವಂತೆ, ಈಗ ಮುಕ್ಕು ಮಗಾ," ಎಂದು ಗದರಿದ್ದಳು.

ಹಾಸನದ ಕಡೆಯಿಂದ ಗಂಡನೊಂದಿಗೆ ಕೊಡ್ಲಿಪೇಟೆಗೆ ಬಂದವಳು. ಮರ ಕೊಯ್ಯುತ್ತಿದ್ದ ಗಂಡ ಮರ ಬಿದ್ದೇ ಸತ್ತ. ಒಂದು ಹೆರಿಗೆಗೆ ಎರಡು ಸೇರು ಅಕ್ಕಿ, ತೆಂಗಿನಕಾಯಿ, ಒಂದು ಹಳೇ ಸೀರೆ. ದಿನಾ ಯಾರು ಹೆರುತ್ತಾರೆ? ಐವತ್ತೆರಡರ ಚುನಾವಣೆಯಲ್ಲಿ ಕೊಡಗು ರಾಜ್ಯಕ್ಕೆ ತನ್ನದೇ ಮಂತ್ರಿಗಳು ಬಂದ ಮರುವರ್ಷ ಜಗಲಿಯಲ್ಲೊಂದು ಕಾಪಿ ಹೋಟೆಲು ತೆರೆದಳು. ಮುಂದೆ ಬೆಲ್ಲದ ಕಾಪಿ, ಚಾಪೆಯ ಮರೆಯಲ್ಲಿ ಅಬಕಾರಿ ಕಂಟ್ರಾಕ್ಟರನ ಸಾರಾಯಿ. "ಕಾಪಿ ಕುಡ್ದೋನು ಎದ್ದೋಯ್ತಾನೆ, ಸಾರಾಯಿ ಕುಡ್ದೋನು ಕೂತ್ಕತಾನೆ. ಇಬ್ರೂ ಬೇಕಲ್ವಾ?" ಎಂದು ನಗುತ್ತಿದ್ದಳು. ಹೆರಿಗೆಗೆ ಕರೆ ಬಂದ ದಿನ ಅಂಗಡಿಗೆ ಅಡ್ಡಹಲಗೆ.

ನನಗೆ ಭಯ. ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು, ಬೇಲಿಯಾಚೆ ಕುಡುಕರ ಕೂಗು. ಒಂದು ದಿನ ಬಾವಿಕಟ್ಟೆಯಲ್ಲಿ ನಾನೇ ಅಂದೆ: "ಸಾರಾಯಿ ಹುಯ್ಯುವ ಕೈ ಬಾಣಂತಿಯರನ್ನು ಮುಟ್ಟುತ್ತದೆ. ನನ್ನ ಹೆರಿಗೆಯಲ್ಲೂ ಅದೇ ವಾಸನೆ ಇತ್ತು." ಅದು ಕೈ ತೊಳೆದ ವಾಸನೆ ಎನ್ನಲಿಲ್ಲ.

ಅಷ್ಟು ಸಾಕಾಯಿತು. ಮೂರು ಹೆರಿಗೆ ಅವಳಿಲ್ಲದೆ ಆದವು. ಅವಳನ್ನು ಹೊಸ್ತಿಲು ದಾಟಿಸಬೇಡಿ ಎಂದ ಗಂಡಸರೇ ಸಂಜೆ ಅವಳ ಬೆಂಚಿನ ಮೇಲಿರುತ್ತಿದ್ದರು.

"ಯಾರೋ ಏನೋ ಅಂದವ್ರೆ ಕಣ ಮಗಾ," ಎಂದು ನನ್ನ ಹತ್ತಿರವೇ ಬಂದಳು. "ಒಂದು ಮನೆಯೋರು ಕರುದ್ರೆ ಮಿಕ್ಕೋರೂ ಕರೀತಾರೆ. ಓದಿದೋಳು, ನೀನೊಂದು ಮಾತು ಹೇಳು."

ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಸಂತೆಯ ದಿನ ಎದುರುಮನೆಯ ಯಮುನಳಿಗೆ ನೋವು ಶುರುವಾಯಿತು. ಮಗುವಿನ ಕಾಲು ಮುಂದಾಗಿತ್ತು. ಡಾಕ್ಟರನ್ನು ಕರೆತರಲು ಸೋಮವಾರಪೇಟೆಗೆ ಜೀಪು ಹೋಯಿತು. ಗಂಡ ಜಯಪ್ಪ ದಿಕ್ಕು ತೋಚದೆ ನಿಂಗಮ್ಮನ ಬೆಂಚಿನ ಮೇಲೆ ಕೂತ.

"ಜಯಪ್ಪಾ, ಕಾಲು ಮುಂದಾದ ಏಳು ಮಕ್ಕಳನ್ನ ತಿರುಗ್ಸಿವ್ನಿ. ಬತ್ತೀನಿ ಕಣಪ್ಪ."

"ನಿನ್ನ ಕೈಯಾ? ನೀನು ಗ್ಲಾಸಿಗೆ ಹುಯ್ಯಿ, ನಿಂಗಕ್ಕ."

ಪಕ್ಕದಲ್ಲಿದ್ದ ಸಾಂತಪ್ಪ ನಕ್ಕ. "ಇವ್ಳು ಹಿಡುದ್ರೆ ಕೂಸು ಮೊಲೆ ಬಿಟ್ಟು ಗ್ಲಾಸು ಕೇಳ್ತದೆ ಕಣ್ಲಾ!"

ನಿಂಗಮ್ಮ ಹುಯ್ದಳು.

ಅತ್ತ ಯಮುನಳ ಅತ್ತೆ ನನ್ನ ತೋಳು ಹಿಡಿದರು. "ನೀನೇ ಹೇಳವ್ವ, ನಿಂಗಮ್ಮನ್ನ ಕರೀಲಾ?" ಕರೆಯಿರಿ ಎಂದರೆ ಬಾವಿಕಟ್ಟೆಯ ಮಾತನ್ನು ನುಂಗಬೇಕಿತ್ತು. "ಡಾಕ್ಟರು ಬರಲಿ," ಎಂದೆ. ದಾರಿಯಲ್ಲಿ ಮರದ ಲಾರಿ ಅಡ್ಡ ಮಗುಚಿತ್ತು. ಜೀಪು ಬರುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ.

ಹನ್ನೆರಡನೆಯ ದಿನ ಜಯಪ್ಪ ಬಂದು ಅದೇ ಬೆಂಚಿನ ಮೇಲೆ ಕೂತ. ನಿಂಗಮ್ಮ ಸೀಸೆ ತೆಗೆದು ಮೊದಲು ತನ್ನ ಅಂಗೈಗೆ ಸುರಿದುಕೊಂಡಳು. ಅವನು ನೋಡುತ್ತಿದ್ದಂತೆ, ಬೆರಳ ಸಂದಿ, ಮಣಿಕಟ್ಟು, ಮೊಣಕೈ ತಿಕ್ಕಿಕೊಂಡಳು. "ಹಿಂಗ್ ತೊಳ್ಕಂಡು ಬತ್ತಿದ್ದೆ ಕಣಪ್ಪ," ಎಂದಳು. ಮಿಕ್ಕಿದ್ದನ್ನು ಅವನ ಗ್ಲಾಸಿಗೆ ಹುಯ್ದಳು. ಜಯಪ್ಪ ತಲೆ ತಗ್ಗಿಸಿ ಕುಡಿದ.

ಆಮೇಲೆ ಕರೆಗಳು ಬಂದವು. ನಿಂಗಮ್ಮ ಯಾರ ಮನೆಗೂ ಹೋಗಲಿಲ್ಲ. ಈಗ ನನಗೆ ಮತ್ತೆ ಎಂಟು ತಿಂಗಳು. ನಿನ್ನೆ ಹೋಗಿ ಅವಳ ಜಗಲಿಯಲ್ಲಿ ನಿಂತೆ, ಬಾವಿಕಟ್ಟೆಯ ಮಾತು ನನ್ನದೇ ಎಂದು ಒಪ್ಪಿಕೊಂಡೆ.

"ಗೊತ್ತು. ಕುಂತ್ಕಳಿ, ಅಮ್ಮೋರೆ," ಎಂದಳು. ಅದುವರೆಗೂ ಅವಳು ನನ್ನನ್ನು 'ಮಗಾ' ಎಂದೇ ಕರೆಯುತ್ತಿದ್ದಳು. ಬಿಸಿ ಕಾಪಿಯ ಲೋಟ ಮುಂದಿಟ್ಟಳು. "ಕುಡ್ದು ಎದ್ದೋಗಿ. ಸೋಮವಾರಪೇಟೆ ಜೀಪಿಗೆ ಈಗಲೇ ಹೇಳಿಟ್ಕಳಿ."