ಬೇಳೆ ಬೇಯಿಸಿಕೊಂಡವರು

ಕೊಪ್ಪಳದ ನನ್ನ ಬಾಡಿಗೆ ಕೋಣೆಯ ಕಿಟಕಿ ಸರಳಿಗೆ ಒದ್ದೆ ಬಟ್ಟೆಯ ಗಂಟೊಂದು ಸದಾ ತೂಗುತ್ತಿರುತ್ತದೆ. ಅದರೊಳಗೆ ಹೆಸರುಕಾಳು ಮೊಳಕೆಯೊಡೆಯುತ್ತಿದ್ದರೆ, ಅದನ್ನು ಕಂಡವರ ಬಾಯಲ್ಲಿ ಉಪದೇಶ ಮೊಳಕೆಯೊಡೆಯುತ್ತಿರುತ್ತದೆ. ಕಾಳಿಗಾದರೋ ನೀರು ಬೇಕು, ನೆರಳು ಬೇಕು, ತುಸು ಸಹನೆ ಬೇಕು. ಉಪದೇಶಕ್ಕೆ ಇವು ಯಾವುವೂ ಬೇಡ. ನೀವು ಮಾಂಸ ತಿನ್ನುವ ಮನೆಯಲ್ಲಿ ಹುಟ್ಟಿ, ಬುದ್ಧಿ ಬಲಿತ ಮೇಲೆ ಅದನ್ನು ಬಿಟ್ಟು ನೋಡಿ. ಅಲ್ಲಿಯವರೆಗೆ ನೀವು ಉಂಡಿರೋ ಉಪವಾಸ ಮಲಗಿದಿರೋ ಎಂದು ತಿರುಗಿಯೂ ನೋಡದ ಜನ, ಅವತ್ತಿನಿಂದ ನಿಮ್ಮ ದೇಹದ ಒಂದೊಂದು ಸ್ನಾಯುವಿಗೂ ಪೋಷಕರಾಗಿ ನಿಂತುಬಿಡುತ್ತಾರೆ.

ನಾನು ಬಿಟ್ಟದ್ದು ಯಾವ ಗುರುವಿನ ಮಾತಿಗೂ ಅಲ್ಲ, ಯಾವ ಹರಕೆಗೂ ಅಲ್ಲ. ಪದವಿ ಮುಗಿದ ಮೇಲೆ ಹಿಟ್ನಾಳದ ಆಚೆ, ಹೆದ್ದಾರಿಯಿಂದ ಒಳಗಿರುವ ಒಂದು ಕೋಳಿ ಫಾರ್ಮಿನಲ್ಲಿ ಕೆಲವು ತಿಂಗಳು ಮೇಲ್ವಿಚಾರಣೆಯ ಕೆಲಸಕ್ಕಿದ್ದೆ. ಅಲ್ಲಿಯ ಕೋಳಿಗಳ ಎದೆ ಅವುಗಳ ಕಾಲಿಗಿಂತ ಬೇಗ ಬೆಳೆಯುತ್ತಿತ್ತು. ತಮ್ಮ ಭಾರವನ್ನೇ ಹೊರಲಾರದೆ ಎಷ್ಟೋ ಕೋಳಿಗಳು ಮೇವಿನ ತಟ್ಟೆಯ ಪಕ್ಕ ಕುಸಿದು ಕೂತಿರುತ್ತಿದ್ದವು. ಎತ್ತಿ ನಿಲ್ಲಿಸಿದರೆ ಎರಡು ಹೆಜ್ಜೆ ಇಟ್ಟು ಮತ್ತೆ ಕುಸಿಯುತ್ತಿದ್ದವು. ನಾನು ಶಾಲೆಯ ದಿನದಿಂದಲೂ ಓಟಗಾರ್ತಿ. ಕಾಲಿದ್ದೂ ನಿಲ್ಲಲಾರದ ಜೀವವನ್ನು ಹಗಲೆಲ್ಲ ನೋಡಿ, ರಾತ್ರಿ ಅದನ್ನೇ ತಾಟಿನಲ್ಲಿ ಇಟ್ಟುಕೊಳ್ಳಲು ಒಂದು ದಿನ ಕೈ ಒಲ್ಲೆನೆಂದಿತು. ಕೋಳಿ ಬಿಟ್ಟವಳು ಕುರಿಯನ್ನೇಕೆ ಬಿಟ್ಟೆ ಎಂದು ಕೇಳಬಹುದು. ಒಮ್ಮೆ ಕಾಲನ್ನು ಕಂಡ ಕಣ್ಣಿಗೆ ಆಮೇಲೆ ಎಲ್ಲ ಸಾರಿನಲ್ಲೂ ಕಾಲೇ ಕಾಣತೊಡಗಿತು. ಇದಕ್ಕಿಂತ ದೊಡ್ಡ ತತ್ತ್ವ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ.

ಫಾರ್ಮಿನ ಕೆಲಸವನ್ನೂ ಬಿಟ್ಟೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಲಿಖಿತ ಪರೀಕ್ಷೆ ಬರೆದು ಪಾಸಾಗಿದ್ದೆ. ಉಳಿದದ್ದು ದೈಹಿಕ ಪರೀಕ್ಷೆ. ಓಟ, ಜಿಗಿತ, ಗುಂಡು ಎಸೆತ. ಅದಕ್ಕಾಗಿ ಕೊಪ್ಪಳದಲ್ಲೇ ಕೋಣೆ ಹಿಡಿದು ದಿನಾ ಮೈದಾನಕ್ಕೆ ಹೋಗುತ್ತಿದ್ದೆ. ಹೀಗೆ ಮೈಯಲ್ಲಿ ಬಲ ಬೇಕೇಬೇಕಾದ ಹೊತ್ತಿನಲ್ಲೇ ನಾನು ಮಾಂಸ ಬಿಟ್ಟದ್ದು ಊರಿಗೆ ಗೊತ್ತಾಯಿತು.

ನಮ್ಮೂರು ಕುಷ್ಟಗಿ ಕಡೆಯದು. ನಮ್ಮದು ಕುರಿ ಸಾಕುವ ಮನೆ. ಅಪ್ಪ ಹಿಂಡಿನ ಹಿಂದೆ ಊರೂರು ತಿರುಗುವವನಾದ್ದರಿಂದ ಮನೆಯ ಯಜಮಾನಿಕೆಯೆಲ್ಲ ಅವನ ಅಣ್ಣ, ಅಂದರೆ ನನ್ನ ದೊಡ್ಡಪ್ಪನದು. ದೊಡ್ಡಪ್ಪ ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಎಲ್ಲ ವಿಷಯದಲ್ಲೂ ಪಂಡಿತನಾಗಿದ್ದ. ನಾನು ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವ ಹಾಗೆ ವಿಚಾರಣೆ ನಡೆಸಿದ.

"ಕುರಿ ಕಾಯೋರ ಮನ್ಯಾಗ ಹುಟ್ಟಿ ಕುರಿ ತಿನ್ನಂಗಿಲ್ಲ ಅಂತೀಯಲ್ಲ ರೇಣವ್ವ, ಪೋಟೀನು ಎಲ್ಲಿಂದ ತರ್ತಿ?"

"ಕಾಳು ಅದಾವಲ್ಲ ದೊಡ್ಡಪ್ಪ."

"ಕಾಳು ತಿಂದು ಪಾರಿವಾಳ ಹಾರತೈತಿ. ನೀ ಓಡಬೇಕು. ಹೆಣ್ಮಗಳು ಮೊದಲ ಸೊರಗಿ ಹೋಗೀದಿ."

ಪ್ರೋಟೀನು ಎಂಬ ಆ ಪದ ನಮ್ಮ ಕಟ್ಟೆಯ ಮೇಲೆ ಅವತ್ತೇ ಮೊದಲ ಸಲ ಕೇಳಿಬಂದದ್ದು. ಗೆಳೆಯರೇ, ಈ ಕಾಳಜಿಯ ಬೇರನ್ನು ತುಸು ಕೆದಕಿ ನೋಡೋಣ. ಕುರಿ ಸಾಕುವವರು ದಿನಾ ಕುರಿ ತಿನ್ನುತ್ತಾರೆಂಬುದು, ಅಕ್ಕಸಾಲಿಗರ ಮನೆಯಲ್ಲಿ ಬಂಗಾರದ ತಾಟಿನಲ್ಲಿ ಉಣ್ಣುತ್ತಾರೆಂದು ನಂಬಿದ ಹಾಗೆ. ನಮ್ಮ ಮನೆಯಲ್ಲಿ ಬಾಡು ಬೇಯುತ್ತಿದ್ದುದು ಹಬ್ಬಕ್ಕೋ ನೆಂಟರಿಗೋ. ಬೆಂದ ದಿನವೂ ಅದು ಹಂಚಿಕೆಯಾಗುತ್ತಿದ್ದ ಬಗೆ ಬೇರೆ. ಗಂಡಸರ ತಾಟಿಗೆ ತುಣುಕು, ಮಕ್ಕಳ ತಾಟಿಗೆ ಎಲುಬು, ಕೊನೆಗೆ ಕೂರುವ ಹೆಂಗಸರ ತಾಟಿಗೆ ಸಾರು. ಆ ಸಾರಿನಲ್ಲಿ ಬಾಡಿನ ವಾಸನೆ ಇರುತ್ತಿತ್ತು, ಬಾಡಿರುತ್ತಿರಲಿಲ್ಲ. ಲೆಕ್ಕ ಹಿಡಿದರೆ ನನ್ನವ್ವ ಮದುವೆಯಾಗಿ ಆ ಮನೆಗೆ ಬಂದಾಗಿನಿಂದಲೂ ಹೆಚ್ಚುಕಡಿಮೆ ಸಸ್ಯಾಹಾರಿಯೇ. ಆಕೆ ಹೊಲದಲ್ಲಿ ದುಡಿದು, ಹಟ್ಟಿ ಬಳಿದು, ರೊಟ್ಟಿ ಬಡಿದು, ನಮ್ಮನ್ನೆಲ್ಲ ಹೆತ್ತು ಸಾಕಿದ್ದು ಪುಂಡಿಪಲ್ಲೆ ಮತ್ತು ಖಾರದ ಬಲದಲ್ಲಿ. ಆಕೆಯ ಪ್ರೋಟೀನಿನ ಬಗ್ಗೆ ಓಣಿಯ ಯಾವ ಕಟ್ಟೆಯ ಮೇಲೂ ಒಂದು ನಿಟ್ಟುಸಿರು ಬಿದ್ದದ್ದನ್ನು ನಾನು ಕೇಳಿಲ್ಲ. ತಾಟಿಗೆ ತಾನೇ ಬೀಳದಿದ್ದರೆ ಅದು ಸಂಸಾರ. ಬಿದ್ದದ್ದನ್ನು ಹೆಣ್ಣುಮಗಳು ಬೇಡವೆಂದರೆ ಮಾತ್ರ ಅದು ಸಮಸ್ಯೆ.

ಇನ್ನು ಕೊಪ್ಪಳದ ಕಡೆಯ ಕಥೆ. ನನ್ನ ಕೋಣೆಯ ಒಡತಿ ಸರೋಜಕ್ಕ. ವ್ಯಾಪಾರಸ್ಥರ ಮನೆ, ಮರಳಿ ಎಂಬ ಊರಿನ ಕಡೆ ಗದ್ದೆ, ಹುಟ್ಟಾ ಸಸ್ಯಾಹಾರಿಗಳು. ಕೋಣೆ ಕೊಡುವಾಗಲೇ ಆಕೆ ಮಹಡಿಯ ಮೇಲಿನ ಆ ಕೋಣೆಯಲ್ಲಿ ಏನನ್ನೂ ಬೇಯಿಸಕೂಡದೆಂದು ಕರಾರು ಹಾಕಿದ್ದರು. ಕುಡಿಯಲು ನೀರು ಕೇಳಿದರೆ ನನಗೆಂದೇ ಮೀಸಲಿಟ್ಟ ಒಂದು ಲೋಟ ಹೊರಗೆ ಬರುತ್ತಿತ್ತು, ಹಿತ್ತಲ ಗೋಡೆಯ ಗೂಡಿಗೆ ಮರಳುತ್ತಿತ್ತು. ನಾನು ಬಾಡು ಬಿಟ್ಟ ಸುದ್ದಿ ಕಿವಿಗೆ ಬಿದ್ದದ್ದೇ ಆ ಲೋಟ ಮಾಯವಾಯಿತು. ಆಕೆ ನನ್ನನ್ನು ಪಡಸಾಲೆಗೆ ಕರೆದು, ಮನೆಯವರ ಲೋಟದಲ್ಲೇ ಹಾಲು ಕೊಟ್ಟರು.

"ಭಾಳ ಛಲೋ ಮಾಡಿದಿ ನೋಡು. ಈಗ ನೀ ನಮ್ಮಂಗ ಆದಿ."

ಅದೇ ಕೈ, ಅದೇ ಬಾಯಿ, ಅದೇ ಅವ್ವ ಅಪ್ಪ. ಹಿಂದಿನ ವಾರ ಹಿತ್ತಲ ಗೂಡಿಗೆ ಹೋಗುತ್ತಿದ್ದ ಎಂಜಲು ಈ ವಾರ ಮನೆಯವರ ಪಾತ್ರೆಗಳ ಜೊತೆ ಬಚ್ಚಲಿಗೆ ಹೋಗುವಷ್ಟು ಪವಿತ್ರವಾಗಿತ್ತು. ನಾನು ಕಂಡದ್ದು ಕೋಳಿಯ ಕಾಲು. ಆಕೆ ಕಂಡದ್ದು ನನ್ನ ಬಡ್ತಿ.

"ನಾ ನಮ್ಮಂಗ ಅದೀನ್ರಿ ಅಕ್ಕಾರ," ಎಂದು ಲೋಟ ಕೆಳಗಿಟ್ಟೆ. ಆಕೆಗೆ ಅದು ವಿನಯವಾಗಿ ಕೇಳಿಸಿರಬೇಕು. ಅವತ್ತಿನಿಂದ ಅಡುಗೆಯ ಕರಾರೂ ಸಡಿಲಾಯಿತು, ಸಂಜೆಗೊಮ್ಮೆ ಮೇಲಕ್ಕೆ ಊಟವೂ ಬರತೊಡಗಿತು. ಆ ಊಟವೆಂದರೆ ಬಿಳಿ ಅನ್ನದ ಗುಡ್ಡ, ಅದರ ಮೇಲೆ ತಿಳಿಸಾರು. ತಳ ಕಾಣುವಷ್ಟು ತಿಳಿಯಾದ ಆ ಸಾರಿನಲ್ಲಿ ಬೇಳೆ ಹುಡುಕುವುದು ಬೇಸಿಗೆಯ ಹಳ್ಳದಲ್ಲಿ ಮೀನು ಹುಡುಕಿದ ಹಾಗೆ. ನನ್ನಷ್ಟೇ ವಯಸ್ಸಿನ ಸರೋಜಕ್ಕನ ಮಗಳು ಮೆಟ್ಟಿಲು ಹತ್ತಿ ಅದನ್ನು ತಂದುಕೊಟ್ಟು, ಗೋಡೆ ಹಿಡಿದು ಏದುಸಿರು ಬಿಡುತ್ತ ನಿಲ್ಲುತ್ತಿದ್ದಳು. ಹುಟ್ಟಿನಿಂದ ಸಸ್ಯಾಹಾರಿಯಾದ ಆ ಬಿಳಿಚಿದ ಹುಡುಗಿಯನ್ನು ಪ್ರೋಟೀನು ಎಲ್ಲಿಂದ ತರುತ್ತೀ ಎಂದು ಯಾರೂ ಕೇಳಿದವರಿಲ್ಲ. ಪರಂಪರೆಯಿಂದ ಬಂದ ನಿಶ್ಶಕ್ತಿಗೆ ಗೌರವವಿದೆ.

ದೊಡ್ಡಪ್ಪ ಅಷ್ಟಕ್ಕೇ ಬಿಡಲಿಲ್ಲ. ಗಂಗಾವತಿಗೆ ಹೋದವನು ಬರುವಾಗ ಕೊಪ್ಪಳದಲ್ಲಿ ಇಳಿದು, ಬಗಲಲ್ಲಿ ಒಂದು ಕರಿ ಡಬ್ಬಿ ಹಿಡಿದು ನನ್ನ ಕೋಣೆಗೆ ಬಂದ. ಡಬ್ಬಿಯ ಮೇಲೆ ಅಂಗಿಯಿಲ್ಲದ ಒಬ್ಬ ಗಂಡಸು ತನ್ನ ತೋಳನ್ನು ತಾನೇ ಮೋಹದಿಂದ ನೋಡಿಕೊಳ್ಳುತ್ತಿದ್ದ.

"ಅಂಗಡಿಯಾವ ಹೇಳ್ಯಾನ. ಬಾಡು ಬಿಟ್ಟೋರಿಗೆ ಇದ ಗತಿ ಅಂತ. ಹಾಲಿನ್ಯಾಗ ಕಲಿಸಿ ಕುಡಿ."

ಪರೀಕ್ಷೆ ಹತ್ತಿರ ಬರುತ್ತಿತ್ತು, ಹೆದರಿಕೆಯೂ ಇತ್ತು, ಕುಡಿದೆ. ಸುಣ್ಣದ ಗೋಡೆಗೆ ಸಕ್ಕರೆ ಬಳಿದು ನೆಕ್ಕಿದ ಹಾಗಿತ್ತು. ಹೊಟ್ಟೆ ಉಬ್ಬಿತು, ತೋಳು ಇದ್ದ ಹಾಗೆಯೇ ಇತ್ತು. ಡಬ್ಬಿಯನ್ನು ಮೂಸಿ ನೋಡಿದ ಸರೋಜಕ್ಕ, "ಇದರಾಗ ತತ್ತಿ ಗಿತ್ತಿ ಇಲ್ಲ ಹೌದಿಲ್ಲೋ?" ಎಂದಷ್ಟೇ ಕೇಳಿದರು. ಒಬ್ಬರಿಗೆ ನನ್ನೊಳಗೆ ಏನು ಹೋಗುತ್ತಿಲ್ಲ ಎಂಬ ಚಿಂತೆ, ಇನ್ನೊಬ್ಬರಿಗೆ ಏನಾದರೂ ಹೋಗಿಬಿಟ್ಟೀತೆಂಬ ಚಿಂತೆ. ಇಬ್ಬರೂ ನನ್ನ ಒಲೆಯ ಮೇಲೆ ತಮ್ಮ ತಮ್ಮ ಬೇಳೆ ಬೇಯಿಸಿಕೊಳ್ಳುತ್ತಿದ್ದರು; ಬೆಂದ ಬೇಳೆಯಲ್ಲಿ ಒಂದು ಸೌಟೂ ನನ್ನ ತಾಟಿಗೆ ಬೀಳಲಿಲ್ಲ.

ಒಂದು ಮುಂಜಾನೆ ಓಡುತ್ತಿದ್ದವಳಿಗೆ ಮೈದಾನದ ತಿರುವಿನಲ್ಲಿ ಕಣ್ಣು ಕತ್ತಲೆಗಟ್ಟಿತು. ಎಚ್ಚರವಾದಾಗ ಮಣ್ಣಿನ ಮೇಲೆ ಮಲಗಿದ್ದೆ, ಮೊಣಕಾಲು ತರಚಿ ರಕ್ತ ಬಂದಿತ್ತು. ಏಳಹೋದರೆ ಕಾಲು ನಡುಗಿ ಮತ್ತೆ ಕೂತುಬಿಟ್ಟೆ. ಆ ಕ್ಷಣ ನೆನಪಾದದ್ದು ಮೇವಿನ ತಟ್ಟೆಯ ಪಕ್ಕ ಕುಸಿದ ಕೋಳಿಗಳು. ನೋವಿಗಿಂತ ಅವಮಾನವೇ ಹೆಚ್ಚಾಯಿತು.

ಜೊತೆಗಾರ್ತಿಯರು ನನ್ನನ್ನು ಕರೆದುಕೊಂಡು ಹೋದ ದವಾಖಾನೆಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ದಿನಾ ಏನು ತಿನ್ನುತ್ತೀ ಎಂದು ಕೇಳಿದರು. ಮುಂಜಾನೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಚಹಾದ ಜೊತೆ ಟೋಸ್ಟು, ಆಮೇಲೆ ಅನ್ನ, ತಿಳಿಸಾರು, ಮಲಗುವಾಗ ಹಾಲಿನಲ್ಲಿ ದೊಡ್ಡಪ್ಪ ತಂದ ಡಬ್ಬಿಯ ಪುಡಿ. ಹೇಳುತ್ತ ಹೋದಂತೆ ನನಗೇ ದನಿ ಸಣ್ಣದಾಯಿತು. ಮಾಂಸ ಬಿಟ್ಟಿದ್ದೇನೆ, ಅದಕ್ಕೇ ಹೀಗಾಯಿತೇನೋ ಎಂದೂ ಸೇರಿಸಿದೆ.

"ಮಾಂಸ ಬಿಟ್ಟಿ, ಅದು ನಿನ್ನ ಖುಷಿ," ಎಂದರು ಆಕೆ, ಚೀಟಿ ಬರೆಯುತ್ತ. "ಊಟಾ ಯಾಕ ಬಿಟ್ಟಿ?"

ಆಕೆ ಚೀಟಿಯನ್ನು ನನ್ನ ಕಡೆ ಸರಿಸಿದರು.

"ಕಾಳು ತಿನ್ನು. ಬ್ಯಾಳಿ ಗಟ್ಟಿಯಾಗಿ ಮಾಡ್ಕೊ. ಶೇಂಗಾ, ಮೊಸರು, ರೊಟ್ಟಿ. ರಕ್ತಕ್ಕ ಗುಳಗಿ ಕೊಡ್ತೀನಿ, ಬಿ ಹನ್ನೆರಡು ಕಡಿಮಿ ಐತಿ, ಅದಕ್ಕೂ ಬರದೀನಿ, ಮರೀಬ್ಯಾಡ. ಆ ಡಬ್ಬಿ ಕೊಟ್ಟವಗ ವಾಪಸ್ ಕೊಡು."

ಯಾರ ಮನೆಯವಳು ಎಂದು ಕೇಳಲಿಲ್ಲ, ಏಕೆ ಬಿಟ್ಟೆ ಎಂದು ಕೇಳಲಿಲ್ಲ, ಶಭಾಸ್ ಎನ್ನಲಿಲ್ಲ, ಛೀ ಎನ್ನಲಿಲ್ಲ. ನನ್ನ ಹೊಟ್ಟೆಯನ್ನು ಬರೀ ಹೊಟ್ಟೆಯೆಂದು ನೋಡಿದ ಮೊದಲ ವ್ಯಕ್ತಿ ಆಕೆ. ಅಷ್ಟು ಸಾದಾ ಮಾತಿಗಾಗಿ ನಾನು ಎಷ್ಟು ಹಸಿದಿದ್ದೆನೆಂದು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗಲೇ ಗೊತ್ತಾಯಿತು.

ಸಣ್ಣದೊಂದು ಒಲೆ ಕೊಂಡೆ. ಹೆಸರು, ಮಡಕಿಕಾಳು, ಹುರಳಿ, ಕಡಲೆ ಇವೆಲ್ಲ ಸರದಿಯ ಮೇಲೆ ನನ್ನ ಕೋಣೆಗೆ ಬರತೊಡಗಿದವು. ಸೌಟು ನಿಲ್ಲುವಷ್ಟು ಗಟ್ಟಿ ಬೇಳೆ, ಕಡಲೆಹಿಟ್ಟಿನ ಜುಣಕ, ರೊಟ್ಟಿಗೆ ಶೇಂಗಾ ಹಿಂಡಿ, ಬಟ್ಟಲು ತುಂಬ ಮೊಸರು, ಓಟಕ್ಕೆ ಹೋಗುವ ಮುಂಚೆ ಒಂದು ಹಿಡಿ ಪುಟಾಣಿ ಕಡಲೆ, ತುಸು ಬೆಲ್ಲ. ಇದರಲ್ಲಿ ಒಂದೂ ಹೊಸದಲ್ಲ, ಎಲ್ಲ ನಮ್ಮ ಸೀಮೆಯ ಹೊಲದಲ್ಲೇ ಬೆಳೆಯುವಂಥವು. ಅಂಗಿಯಿಲ್ಲದ ಗಂಡಸಿನ ಚಿತ್ರ ಇಲ್ಲವೆಂಬುದೊಂದೇ ಇವುಗಳಿಗಿದ್ದ ಕೊರತೆ. ಕೆಲವು ವಾರಗಳಲ್ಲಿ ಉಸಿರು ಉದ್ದವಾಯಿತು, ಗುಂಡು ದೂರ ಬಿತ್ತು, ಕೂದಲು ಉದುರುವುದೂ ನಿಂತಿತು. ಸರೋಜಕ್ಕನ ಮಗಳು ತಿಳಿಸಾರು ತಂದವಳು ಮೆಲ್ಲಗೆ ಕೂತು ನನ್ನ ಕಾಳುಪಲ್ಲೆ ಹಾಕಿಸಿಕೊಂಡು ಉಣ್ಣತೊಡಗಿದಳು. ಕೆಳಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ದೈಹಿಕ ಪರೀಕ್ಷೆ ಪಾಸಾದೆ.

ಅದು ತಿಳಿದ ಸಂಜೆ ಸರೋಜಕ್ಕ ಸಕ್ಕರೆ ಹಂಚುತ್ತ, ಬಂದವರಿಗೆಲ್ಲ, "ಬಾಡು ಬಿಟ್ಟಳು ನೋಡ್ರಿ, ಮೈ ಹಗುರಾತು, ಓಡಿದಳು," ಎಂದರು. ಊರಿನ ಕಟ್ಟೆಯ ಮೇಲೆ ದೊಡ್ಡಪ್ಪ, "ಸಣ್ಣಾಕಿದ್ದಾಗ ತಿಂದ ಕುರಿ ಬಾಡು ಎಲ್ಲಿ ಹೊಕ್ಕೈತಿ? ಎಲುಬಿನ್ಯಾಗ ಕುಂತು ಅದ ಓಡಿಸೈತಿ," ಎಂದ. ಓಡಿದವಳು ಇವರಿಬ್ಬರ ನಡುವೆ ಎಲ್ಲೋ ಕಳೆದುಹೋಗಿದ್ದಳು. ಸೋತಿದ್ದರೆ ಆ ಸೋಲು ಪೂರಾ ನನ್ನದಾಗುತ್ತಿತ್ತು ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ನನ್ನ ಗೌರವಕ್ಕಾಗಿ ದೊಡ್ಡಪ್ಪ ಊರಲ್ಲಿ ಕುರಿ ಕಡಿಸಿದ. ಬಾಡು ಬಿಟ್ಟವಳ ಗೆಲುವಿಗೆ ಬಾಡೂಟ. ಇದರಲ್ಲಿ ಅವನಿಗೆ ಯಾವ ವಿರೋಧಾಭಾಸವೂ ಕಾಣಲಿಲ್ಲ, ಏಕೆಂದರೆ ಉಣ್ಣುವವನು ತಾನೇ ಆಗಿದ್ದ. ನನಗೆಂದು ಅವ್ವ ಬೇರೆ ಒಲೆಯ ಮೇಲೆ ಮಡಕಿಕಾಳು ಮಾಡಿದ್ದಳು. ಗಂಡಸರು ಉಂಡು ಎದ್ದರು. ದೊಡ್ಡಪ್ಪ ಮಾತ್ರ ಗೋಡೆಗೆ ಒರಗಿ ಇನ್ನೂ ಕೂತಿದ್ದ.

"ರೇಣವ್ವ ತಿನ್ನಂಗಿಲ್ಲಲ್ಲ. ಆಕೀ ಪಾಲು ಉಳದಿರಬೇಕು. ಆ ಲಿವರು ಇತ್ತ ಹಾಕು," ಎಂದ ಅವ್ವನಿಗೆ.

ಲಿವರನ್ನು ಅವ್ವ ಬೇರೆ ಬಾಣಲೆಯಲ್ಲಿ ಕರಿಮೆಣಸು ಹಾಕಿ ಹುರಿಯುತ್ತಾಳೆ. ಅದು ಹಿರಿಯರ ತಾಟಿಗೇ ಹೋಗುವ ವಸ್ತು. ಆಕೆ ಸೌಟು ಎತ್ತಿದ್ದಳು. ನಾನು ಹೋಗಿ ಅದನ್ನು ಆಕೆಯ ಕೈಯಿಂದ ತೆಗೆದುಕೊಂಡೆ. ಒಂದು ತಾಟು ಹಾಕಿ, ರೊಟ್ಟಿ ಇಟ್ಟು, ಬಾಣಲೆಯಲ್ಲಿದ್ದಷ್ಟನ್ನೂ ಆ ತಾಟಿಗೆ ಬಡಿಸಿದೆ.

"ಕುಂದ್ರು ಅವ್ವ."

"ಹುಚ್ಚಿ, ನಾ ಆಮ್ಯಾಲ ಉಣ್ತೀನಿ."

"ಈಗ ಉಣ್ಣು. ನನ್ನ ಪಾಲು ನಿನಗ ಕೊಟ್ಟೀನಿ." ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ಆದಷ್ಟು ಮೆಲ್ಲಗೆ ಹೇಳಿದೆ: "ಅವ್ವಗೂ ಪೋಟೀನು ಬೇಕಾಕ್ಕೈತಿ ದೊಡ್ಡಪ್ಪ."

ದೊಡ್ಡಪ್ಪ ತಾಟಿನಲ್ಲೇ ಕೈ ತೊಳೆದು, ವಲ್ಲಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅವ್ವ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಸೆರಗು ಸರಿ ಮಾಡಿಕೊಂಡು ಕೂತಳು. ಮೊದಲ ತುಣುಕನ್ನು ರೊಟ್ಟಿಯ ಚೂರಿನಲ್ಲಿ ಮುಚ್ಚಿಕೊಂಡು, ಯಾರೋ ನೋಡಿಯಾರೆಂಬಂತೆ ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ನಾನು ಎದುರಿಗೇ ಕೂತು ಕಾಯುತ್ತಿದ್ದೆ.

"ಉಪ್ಪು ಕಡಿಮಿ ಐತಲ್ಲ," ಎಂದಳು ಅವ್ವ. "ಇಷ್ಟು ವರ್ಷ ಮಾಡಿ ಹಾಕೀನಿ, ಒಬ್ಬರೂ ಹೇಳಲಿಲ್ಲ."