ಕಾಲರ್ ತಾತನ ಅಂಗಿಗೊಂದು ಪ್ರಾರ್ಥನೆ

ಮನೆಯ ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ. ಬೀದಿ ಕಡೆಗೊಂದು ಅಗಲವಾದ ಕಿಟಕಿ. ಬಟ್ಟೆ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಅಲ್ಲಿಂದಲೇ. ಒಳಗೆ ಸೊಂಟದೆತ್ತರದ ಮೇಜು, ಅದರ ಮೇಲೆ ಮಡಿಸಿ ಹಾಸಿದ ದಪ್ಪ ಕಂಬಳಿ, ಕಂಬಳಿಯ ಮೇಲೆ ಹಳೆಯ ಬಿಳಿ ಹೊದಿಕೆ. ಹೊದಿಕೆಯ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆಯದೇ ಆಕಾರದ ಕಂದು ಕಲೆ. ಮದುವೆಯಾದ ಹೊಸದರಲ್ಲಿ ಇಸ್ತ್ರಿಯವಳು ಗಂಡನ ಜೊತೆ ಮಾತಾಡುತ್ತಾ ಮೈಮರೆತದ್ದರ ಗುರುತು ಅದು. ಅತ್ತೆ ಇವತ್ತಿಗೂ ಅದನ್ನು ತೋರಿಸಿ ನಗುತ್ತಾರೆ.

ಇಸ್ತ್ರಿಯವಳಿಗೆ ಇಬ್ಬರು ಮಕ್ಕಳು. ಆರು ವರ್ಷದ ಮಗಳು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಮಾತಿನ ಮಲ್ಲಿ ಎಂದು ಹೆಸರು ಬಿದ್ದು, ಬರಬರುತ್ತಾ ಬರೀ ಮಲ್ಲಿ ಆಗಿದ್ದಳು. ನಾಲ್ಕು ವರ್ಷದ ಮಗ ಗುಬ್ಬಿ. ಗಂಡ ಬೇಕರಿಯ ವ್ಯಾನ್ ಓಡಿಸುವವನು. ಕೋಳಿ ಕೂಗುವ ಮೊದಲೇ ಎದ್ದು ಹೋಗಿ ದುಡಿದು ಬಂದವನು ಸಂಜೆಯ ಕುಟುಂಬ ಪ್ರಾರ್ಥನೆಗೆ ಮೊಣಕಾಲೂರಿದರೆ ಆಮೆನ್ ಬರುವ ಮೊದಲೇ ಗೊರಕೆ ಬರುತ್ತಿತ್ತು. ಅತ್ತೆಯ ಪ್ರಾರ್ಥನೆಯೋ, ಊರಿನ ಕಾಯಿಲೆಯವರ ಮನೆಗಳಿಗೆಲ್ಲ ಹೋಗಿ, ಕುಶಲ ವಿಚಾರಿಸಿಕೊಂಡು ನಿಧಾನವಾಗಿ ವಾಪಸು ಬರುವಂಥದ್ದು. ಅಷ್ಟರಲ್ಲಿ ಗುಬ್ಬಿಗೂ ಅಪ್ಪನ ಬೆನ್ನ ಮೇಲೆ ನಿದ್ದೆ. ಮಲ್ಲಿ ಒಂದು ಕಣ್ಣು ಬಿಟ್ಟು ಯಾರ್ಯಾರು ತೂಕಡಿಸಿದರು ಎಂದು ಆಮೇಲೆ ವರದಿ ಒಪ್ಪಿಸುತ್ತಿದ್ದಳು.

ನೋಡುವಷ್ಟು ನೋಡಿ ಇಸ್ತ್ರಿಯವಳೇ ಒಂದು ದಾರಿ ಹುಡುಕಿದಳು. ಸಂಜೆಯದು ಅತ್ತೆಗಿರಲಿ, ಮಕ್ಕಳು ಶಾಲೆಯಿಂದ ಬಂದ ಮೇಲೆ ಮೇಜಿನ ಹತ್ತಿರ ಇನ್ನೊಂದು. ಒಂದು ಅಂಗಿಗೆ ಒಂದು ಪ್ರಾರ್ಥನೆ, ಅಂಗಿ ಯಾರದೋ ಅವರಿಗಾಗಿ. ಕಾಲರಿನ ಮೇಲೆ ಪೆಟ್ಟಿಗೆ ಇಟ್ಟಾಗ ಶುರು. ಹೆಗಲು, ತೋಳು, ಬೆನ್ನು ಮುಗಿಸಿ ಮಡಚುವ ಹೊತ್ತಿಗೆ ಆಮೆನ್. ಮಲ್ಲಿ ಮೇಲಿನ ಗುಂಡಿ ಹಾಕಬೇಕು, ಗುಬ್ಬಿ ಅಂಗಿಗಳ ನಡುವೆ ಕಾಗದ ಇಡಬೇಕು. ನರ್ಸಮ್ಮನ ಬಿಳಿ ಕೋಟು ಬಂದರೆ, ಇವತ್ತು ಯಾರಿಗೂ ಸೂಜಿ ನೋಯದಿರಲಿ ಎಂದು ಗುಬ್ಬಿ ಬೇಡುತ್ತಿದ್ದ. ಬಸ್ ಡ್ರೈವರನ ಅಂಗಿಗೆ ಮಲ್ಲಿ ಬ್ರೇಕಿನಿಂದ ಹಿಡಿದು ಟೈರಿನವರೆಗೆ ಒಂದೊಂದನ್ನೇ ದೇವರ ಕೈಗೆ ಒಪ್ಪಿಸುತ್ತಿದ್ದಳು.

ಅತ್ತೆಗೆ ಇದು ಸರಿಬರಲಿಲ್ಲ. "ದೇವರನ್ನೂ ತಂದು ಬಟ್ಟೆ ಗಂಟಿನ ಮಧ್ಯೆ ಕೂರಿಸಿದೆಯಲ್ಲೇ" ಅಂದರು.

"ಕೂರಿಸಿಲ್ಲ ಅತ್ತೆ. ನನ್ನ ಜೊತೆ ನಿಂತಿದಾನೆ. ಈ ಕೋಣೇಲಿ ಕೂರೋಕೆ ಜಾಗ ಎಲ್ಲಿದೆ?"

ಹೀಗೆ ಸುಸೂತ್ರವಾಗಿ ನಡೆದಿದ್ದಕ್ಕೆ ಕಲ್ಲು ಬಿದ್ದದ್ದು ಕಾಲರ್ ತಾತನಿಂದ. ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವ ಕೆಲಸದಿಂದ ನಿವೃತ್ತರಾಗಿದ್ದ ಅವರು, ಅಂಗಿ ಕೈಗೆ ಬಂದ ತಕ್ಷಣ ಕಾಲರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ಹೆಸರು ಮಕ್ಕಳೇ ಇಟ್ಟದ್ದು. ಒಂದು ದಿನ ಕಾಲರಿನಲ್ಲಿ ಒಂದರ ಪಕ್ಕ ಇನ್ನೊಂದು ಮಡಿಕೆಯ ಗೆರೆ ಕಂಡಿತೆಂದು ಕಿಟಕಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಬೈದು ಹೋದರು.

ಮುಂದಿನ ವಾರ ಅದೇ ಅಂಗಿ ಮೇಜಿಗೆ ಬಂತು. ಅವಳು ಪೆಟ್ಟಿಗೆಯನ್ನು ಸ್ವಲ್ಪ ಒತ್ತಿಯೇ ಎಳೆದಳು. "ಕರ್ತನೇ, ಈ ಮನುಷ್ಯನಿಗೆ ಒಳ್ಳೆ ಬುದ್ಧಿ ಕೊಡಪ್ಪಾ. ಆ ಬಾಯಿಗೊಂದು ಕಡಿವಾಣ ಹಾಕು." ಮಕ್ಕಳು ಭಕ್ತಿಯಿಂದ ಆಮೆನ್ ಅಂದರು.

ಅಂಗಿ ಒಯ್ಯಲು ತಾತ ಬಂದಾಗ ಮಲ್ಲಿ ಕಿಟಕಿಯ ಹತ್ತಿರವೇ ಇದ್ದಳು. "ತಾತ, ನಿಮ್ಮ ಬಾಯಿಗೆ ಕಡಿವಾಣ ಹಾಕು ಅಂತ ನಾವು ದೇವರ ಹತ್ರ ಕೇಳಿದ್ವಿ. ಹಾಕಿದ್ನಾ?"

ತಾತ ಆ ದಿನ ಕಾಲರನ್ನೂ ನೋಡಲಿಲ್ಲ. ಅಂಗಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು.

ಇಸ್ತ್ರಿಯವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಗಳನ್ನು ಒಳಗೆಳೆದುಕೊಂಡು, ಪ್ರಾರ್ಥನೆಯಲ್ಲಿ ಹೇಳಿದ್ದನ್ನೆಲ್ಲ ಹೊರಗೆ ಹೇಳಬಾರದು ಎಂದು ಗದರಿಸಿದಳು. ಮಲ್ಲಿ ತಲೆಯಾಡಿಸಿದಳು. ಆದರೆ ಮರುದಿನ ಡ್ರೈವರನ ಅಂಗಿಗೆ ಅವಳ ಬಾಯಿ ತೆರೆಯಲಿಲ್ಲ. ನರ್ಸಮ್ಮನ ಕೋಟಿಗೂ ಇಲ್ಲ. ಗುಂಡಿ ಮಾತ್ರ ಹಾಕಿ ಹಾಕಿ ಇಟ್ಟಳು.

"ಯಾಕೆ ಮಗಳೇ?"

"ಯಾವುದು ಹೇಳ್ಬಹುದು, ಯಾವುದು ಹೇಳ್ಬಾರ್ದು ಅಂತ ನಂಗೊತ್ತಾಗಲ್ಲಮ್ಮ. ನೀನೇ ಮಾಡ್ಕೋ."

ಮೂರ್ನಾಲ್ಕು ದಿನ ಹಾಗೇ ಹೋಯಿತು. ಬೇರೆ ಎಲ್ಲ ಮಾತೂ ಇತ್ತು, ಮೇಜಿನ ಹತ್ತಿರದ ಆ ಒಂದು ಮಾತು ಮಾತ್ರ ನಿಂತಿತ್ತು. ಒಂದು ಗಿರಾಕಿ ಹೋದರೆ ಇನ್ನೊಂದು ಬರುತ್ತದೆ. ಇದು ಹೋದರೆ ಎಲ್ಲಿಂದ ತರುವುದು? ತಪ್ಪು ಮಗಳ ಬಾಯಲ್ಲಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬೈಗುಳಕ್ಕೆ ಆಮೆನ್ ಹೊಲಿದು ದೇವರಿಗೆ ಒಪ್ಪಿಸಿದವಳು ತಾನು.

ಅತ್ತೆಯ ಜೊತೆ ಕೂತು ತರಕಾರಿ ಹೆಚ್ಚುತ್ತಾ ಅವರ ಮುಂದೆ ಹೇಳಿಕೊಂಡಳು. ನಾನಾಗಲೇ ಹೇಳಿರಲಿಲ್ವಾ ಎಂಬ ಮಾತಿಗೆ ತಯಾರಾಗಿಯೇ ಕೂತಿದ್ದಳು. ಅತ್ತೆ ಚಾಕು ಕೆಳಗಿಟ್ಟರು.

"ನಿನ್ನ ಬಗ್ಗೆ ನಾನೂ ಅಂಥ ಪ್ರಾರ್ಥನೆ ಎಷ್ಟು ಮಾಡಿದೀನೋ, ಬಿಡು. ಆದ್ರೆ ಮಕ್ಕಳ ಮುಂದೆ ಹಾಕಿದ ಗಂಟನ್ನ ಮಕ್ಕಳ ಮುಂದೇನೇ ಬಿಚ್ಚಬೇಕು ಕಣಮ್ಮ."

ಅವಳು ಮಲ್ಲಿಯ ಕೈ ಹಿಡಿದು ತಾತನ ಮನೆಗೆ ಹೊರಟಳು. ಮೂರನೇ ಮಹಡಿ. ಕರೆಗಂಟೆ ಒತ್ತಿ ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ತಾತ ಗೋಡೆ ಹಿಡಿದು ನಿಂತಿದ್ದರು. ಅವಳು ಸುತ್ತುಬಳಸಲಿಲ್ಲ. "ನಿಮ್ಮ ಮೇಲೆ ಕೋಪ ಇತ್ತು. ಅದನ್ನ ಪ್ರಾರ್ಥನೆ ಅಂತ ಮಕ್ಕಳಿಗೆ ಹೇಳಿಕೊಟ್ಟೆ. ಮಗೂದು ತಪ್ಪಿಲ್ಲ, ನಂದು. ಕ್ಷಮಿಸಿ."

ತಾತ ಗಂಟಲು ಸರಿಮಾಡಿಕೊಂಡರು. "ಜನ್ಮವೆಲ್ಲ ಕೂಗಿದ ಗಂಟಲಮ್ಮ ಇದು. ಮೆಲ್ಲಗೆ ಮಾತಾಡೋದು ಮರೆತೇಹೋಗಿದೆ. ಆದ್ರೆ ಇನ್ಮೇಲೆ ನಂಗೇನು ಬೇಕು ಅಂತ ಮೊದಲು ನನ್ನ ವಿಚಾರಿಸಿ, ಆಮೇಲೆ ಅವನ ಹತ್ರ ಹೋಗಿ. ಮೊಣಕಾಲು ನೋವು. ಮೆಟ್ಟಿಲಿಳಿದು ಹತ್ತೋಷ್ಟರಲ್ಲಿ ಪ್ರಾಣ ಹೋಗುತ್ತೆ."

"ಯಾವ ಮೊಣಕಾಲು?" ಮಲ್ಲಿ ಕೇಳಿದಳು.

"ಎಡಗಡೇದು."

"ಬಾಯಿದು ಬೇಡ್ವಾ?"

ಅವಳು ಮಗಳ ಕೈಯನ್ನು ಸಣ್ಣಗೆ ಹಿಂಡಿದಳು. ತಾತ ಮೊಣಕಾಲು ನೀವಿಕೊಂಡರು. "ಅದೂ ಇರಲಿ. ಮೊದಲು ಮೊಣಕಾಲು." ಹಾಗೆಂದು ಒಗೆದ ಅಂಗಿಗಳ ಚೀಲವನ್ನು ಅವಳ ಕೈಗೆ ಕೊಟ್ಟು, ಕಾಲರಿನ ವಿಷಯ ಮರೀಬೇಡ ಎಂದು ಮಹಡಿಯಿಡೀ ಕೇಳುವ ಹಾಗೆ ಹೇಳಿ ಬಾಗಿಲು ಹಾಕಿಕೊಂಡರು.

ಮರುದಿನ ಆ ಚೀಲದಿಂದ ಮೊದಲ ಅಂಗಿ ತೆಗೆದು, ನೀರು ಚಿಮುಕಿಸಿ, ಕಾಲರಿನ ಮೇಲೆ ಪೆಟ್ಟಿಗೆ ಇಟ್ಟು ಅವಳು ಸುಮ್ಮನೆ ಕಾದಳು. ಬಾಯಿ ತೆರೆಯಲು ಮಗಳಿಗೆ ಹೇಳಲಿಲ್ಲ. ಹೆಗಲು ಮುಗಿಯಿತು. ಎಡತೋಳು ಮುಗಿಯಿತು.

ಬಲತೋಳಿಗೆ ಬರುವಾಗ ಮಲ್ಲಿ ಕಣ್ಣು ಮುಚ್ಚಿದಳು. "ಕರ್ತನೇ, ತಾತನ ಮೊಣಕಾಲು ವಾಸಿಮಾಡು. ಎಡಗಡೇದು. ಇದನ್ನ ಅವರಿಗೆ ಹೇಳ್ಬಹುದು. ಅವರ ಬಾಯಿ ಆಮೇಲೆ ನೋಡ್ಕೋ, ಅವರೇ ಹೇಳಿದಾರೆ. ಅಮ್ಮನ ಬಾಯೀನೂ ನೋಡ್ಕೋ."

ಒಳಗಿನ ಕೋಣೆಯಿಂದ ಅತ್ತೆಯ ಆಮೆನ್ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಬಂತು. ಅವಳು ನಗುತ್ತಲೇ ತನ್ನದನ್ನೂ ಸೇರಿಸಿ ಅಂಗಿ ಮಡಚಿದಳು. ಮಲ್ಲಿ ಗುಂಡಿ ಹಾಕಿದಳು, ಗುಬ್ಬಿ ಕಾಗದ ಇಟ್ಟ.