ಅನ್ವರ್ ಕೊರೆದ ತೂತು

ಆ ತೂತನ್ನು ಮುಚ್ಚಿದವನು ನಾನು. ಅನ್ವರ್ ಅದನ್ನು ಕೊರೆದಿದ್ದ — ನನ್ನ ಕಣ್ಣೆದುರೇ ಕೊರೆದಿದ್ದ. ಅವನು ಕೊರೆಯಲು ಮರೆತನೆಂದು ನಾನು ಹೇಳಿದ್ದು ಸುಳ್ಳು. ಏಳು ವರ್ಷಗಳಿಂದ ಈ ಮಾತುಗಳು ಬಾಯಿಯವರೆಗೆ ಬಂದು ಹಿಂದಕ್ಕೆ ಹೋಗಿವೆ. ಈಗ ಬರೆದಾಯಿತು. ಬರೆದದ್ದರಿಂದ ಏನೂ ಹಗುರಾಗಲಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾನು ನಂಜುಂಡ, ದೊಡ್ಡಬಳ್ಳಾಪುರದ ಬಡಗಿ. ಅನ್ವರ್ ವೆಲ್ಡಿಂಗ್, ಗ್ಯಾಸ್ ಪೈಪಿನ ಕೆಲಸದವನು. ಇಪ್ಪತ್ತು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದೆವು — ಮರ ನನ್ನದು, ಕಬ್ಬಿಣ ಅವನದು. ನಾನು ಮುಂಗೋಪಿ, ನನ್ನ ಕೆಲಸದ ಬಗ್ಗೆ ನನಗೆ ಎಲ್ಲಿಲ್ಲದ ಜಂಭ. ಅವನು ಎರಡು ಸಲ ಅಳೆದು ಒಂದು ಸಲ ಕೊಯ್ಯುವವನು. ಆ ಮನುಷ್ಯ ಏನನ್ನಾದರೂ ಮರೆತದ್ದನ್ನು ನಾನು ಕಂಡೇ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಲೀಲಮ್ಮ ಟೀಚರ್ ದೇವನಹಳ್ಳಿ ಕಡೆಯ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವರು. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ನಲ್ಲೂರಿನಲ್ಲಿದ್ದ ತಮ್ಮ ಮನೆಯ ಹತ್ತಿರವೇ ಬಿದ್ದಿದ್ದ ಒಂದು ಹಳೆಯ ಕ್ಯಾರವಾನ್ ಕೊಂಡರು. ಸಿನಿಮಾದವರು ಮೇಕಪ್ಪಿಗೆಂದು ಇಟ್ಟುಕೊಂಡಿದ್ದ ಗಾಡಿ. ಹುಣಸೆ ಮರದ ಕೆಳಗೆ ವರ್ಷಗಟ್ಟಲೆ ನಿಂತು ಒಳಗೆಲ್ಲ ಕೊಳೆತಿತ್ತು. ಸೋಫಾದ ಸ್ಪಂಜಿನಲ್ಲಿ ಇಲಿ ಸಂಸಾರ ಹೂಡಿತ್ತು. ಕನ್ನಡಿಯ ಸುತ್ತ ಬಲ್ಬುಗಳ ಖಾಲಿ ಗೂಡುಗಳು. ನೆಲದ ಮೇಲೆ ಕಾಲಿಟ್ಟರೆ ಹಲಗೆ ಪುಡಿಯಾಗುತ್ತಿತ್ತು.

"ಉಪ್ಪಿನ ಮರುಭೂಮಿ ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೀನಿ ಕಣಪ್ಪಾ," ಎಂದಿದ್ದರು ಟೀಚರ್. "ನೋಡ್ದೇ ಹೇಳಿದ್ದು. ಒಂದ್ಸಲನಾದ್ರೂ ಕಛ್‌ಗೆ ಹೋಗಿ ನೋಡ್ಬೇಕು. ಇಲ್ಲಾಂದ್ರೆ ಸುಳ್ಳು ಹೇಳ್ದಂಗಾಗ್ತದೆ."

ನಾನು, ಅನ್ವರ್ ಗಾಡಿಯನ್ನು ಶೆಡ್ಡಿಗೆ ತಂದು ತಗಡಿನವರೆಗೂ ಬಿಚ್ಚಿದೆವು. ಹೊಸ ನೆಲ, ಮಡಚುವ ಮಂಚ, ಪುಸ್ತಕಕ್ಕೆ ಗೂಡು, ತಲೆದೆಸೆಯಲ್ಲಿ ಭಾರತದ ಭೂಪಟ ತೂಗುಹಾಕಲು ಒಂದು ಹಲಗೆ, ಮೂಲೆಯಲ್ಲಿ ದೇವರ ಪಟಕ್ಕೆ ಪುಟ್ಟ ಕಟ್ಟೆ. ಕಿಟಕಿಗಳಿಗೆ ಎಂಥ ರಬ್ಬರ್ ಕೂರಿಸಿದೆನೆಂದರೆ — ಒಂದು ಚಿಟಿಕೆ ಧೂಳೂ ಒಳಗೆ ಬರಬಾರದು. ಅದು ನನ್ನ ಹೆಮ್ಮೆ. ಆ ಹೆಮ್ಮೆಗೆ ಬೆಂಕಿ ಬೀಳಲಿ.

ಆಗ ರಂಜಾನ್ ತಿಂಗಳು. ಅನ್ವರ್ ರೋಜಾ ಇದ್ದ. ಆ ತಗಡಿನ ಡಬ್ಬಿಯೊಳಗೆ, ಹನಿ ನೀರೂ ಕುಡಿಯದೆ, ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು ಸ್ಟವ್ವಿನ ಪೈಪು ಕೂರಿಸಿದ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಸ್ಟವ್ವಿನ ಕೆಳಗೆ ನೆಲದಲ್ಲಿ ಅಂಗೈಯಗಲದ ತೂತು ಕೊರೆದ.

"ಅಡುಗೆ ಗ್ಯಾಸು ಗಾಳಿಗಿಂತ ಭಾರ ಕಣೋ ನಂಜುಂಡ," ಎಂದ. "ನೀರಿದ್ದಂಗೆ ಕೆಳಕ್ಕೆ ಇಳೀತದೆ. ಲೀಕಾದ್ರೆ ಹೊರಗೋಗಕ್ಕೆ ನೆಲದಲ್ಲೇ ದಾರಿ ಇರ್ಬೇಕು. ಇದಕ್ಕೊಂದು ಜಾಲರಿ ತಂದಿದ್ದೆ, ಅಳತೆ ಚೂರು ದೊಡ್ಡದಾಯ್ತು. ಹಬ್ಬ ಮುಗಿಸ್ಕೊಂಡು ಬಂದು ಹಾಕ್ತೀನಿ."

ಜಾಲರಿಯನ್ನು ಚೀಲಕ್ಕೆ ಹಾಕಿಕೊಂಡು, ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಲು ಹೊರಟ. ಹಬ್ಬಕ್ಕೆ ಹೆಂಡತಿಯ ತವರು ಹೊಸಕೋಟೆಗೆ ಹೋಗಿ ಎರಡು ದಿನ ಅಲ್ಲೇ ಇರುವವನಿದ್ದ.

ನಾನೊಬ್ಬನೇ ಉಳಿದೆ. ಕೊನೆಯ ಕೆಲಸ ನೆಲಕ್ಕೆ ಹಾಸು ಅಂಟಿಸುವುದು — ತೇಗದ ಹಲಗೆಯಂತೆ ಕಾಣುವ, ಈ ತುದಿಯಿಂದ ಆ ತುದಿಗೆ ಒಂದೇ ಹಾಳೆ. ಆ ತೂತು ನನ್ನ ಕಣ್ಣಿಗೆ ಚುಚ್ಚಿತು. ಹೊಸ ಬಾಯಲ್ಲಿ ಹುಳುಕು ಹಲ್ಲಿನ ಹಾಗೆ. ಇಲಿ ಬರುತ್ತದೆ, ಹಾವು ಬರುತ್ತದೆ ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವೆಲ್ಲ ಆಮೇಲಿನ ನೆಪಗಳು. ನಿಜ ಇಷ್ಟೇ — ಚೆಂದ ಕಾಣಲಿಲ್ಲ. ಟೀಚರ್ ಅದನ್ನು ಮನೆ ಎನ್ನುತ್ತಿದ್ದರು, ಗೃಹಪ್ರವೇಶಕ್ಕೆ ದಿನ ನೋಡಿಸಿದ್ದರು. ಮನೆ ಎಂದ ಮೇಲೆ ನೆಲ ತುಂಬಿರಬೇಡವೇ? ಜನ್ಮದಲ್ಲಿ ನಾನು ನೆಲದಲ್ಲಿ ತೂತಿಟ್ಟು ಮನೆ ಒಪ್ಪಿಸಿದವನಲ್ಲ. ಒಂದು ಪ್ಲೈವುಡ್ ತುಂಡನ್ನು ದುಂಡಗೆ ಕತ್ತರಿಸಿ ಕೂರಿಸಿದೆ, ಸಂದಿಗೆ ಪುಟ್ಟಿ ಬಳಿದು ಉಜ್ಜಿದೆ, ಮೇಲೆ ಹಾಸು ಎಳೆದೆ. ಅನ್ವರ್ ಬಂದ ಮೇಲೆ ಹೇಳಿದರಾಯಿತು, ಕಾಣದ ಕಡೆ ಇನ್ನೊಂದು ಕೊರೆಯುತ್ತಾನೆ ಎಂದುಕೊಂಡೆ. ಒಂದು ಫೋನ್ — ಒಂದೇ ಒಂದು ಫೋನ್ ಮಾಡಿದ್ದರೆ —

ಪೂಜೆ ಹಬ್ಬದ ಮರುದಿನವೇ ಇತ್ತು. ಅನ್ವರ್ ಇನ್ನೂ ಹೊಸಕೋಟೆಯಲ್ಲೇ ಇದ್ದ. ಗಾಡಿಯನ್ನು ಟೀಚರ್ ಮನೆ ಮುಂದೆ ನಿಲ್ಲಿಸಿ ಸ್ಟವ್ ಹಚ್ಚಿ ಹಾಲಿಟ್ಟರು. ನಮ್ಮಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಲೇಬೇಕು. ಉಕ್ಕುವ ಹಾಲಿಗೆ ಯಾರೂ ಉರಿ ತಗ್ಗಿಸುವುದಿಲ್ಲ, ಯಾವ ದಿಕ್ಕಿಗೆ ಹರಿಯಿತು ಎಂದು ನೋಡುತ್ತಾರೆ. ಹಾಲು ಪೂರ್ವಕ್ಕೆ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಹೊಸ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಫೋಟೊ ತೆಗೆಸಿಕೊಂಡರು. ಆಮೇಲೆ ಎಲ್ಲರೂ ಪ್ರಸಾದಕ್ಕೆಂದು ಮರದ ನೆರಳಿಗೆ ಇಳಿದೆವು. ಕೊನೆಗೆ ಇಳಿದ ನಾನು ಧೂಳು ಬೀಳದಿರಲೆಂದು ಬಾಗಿಲೆಳೆದೆ.

ಉಕ್ಕಿದ ಹಾಲು ಉರಿಯನ್ನು ಆರಿಸಿತ್ತು. ಸ್ಟವ್ವಿನ ಕಿವಿ ಯಾರೂ ತಿರುಗಿಸಿರಲಿಲ್ಲ.

ದೇವರಿಗೆ ದೀಪ ಹಚ್ಚಿ ಬರುತ್ತೇನೆಂದು ಟೀಚರ್ ಒಬ್ಬರೇ ಮತ್ತೆ ಹತ್ತಿದರು. ದೊಡ್ಡ ಜಮಖಾನವನ್ನು ಜೋರಾಗಿ ಕೊಡವಿದಂಥ ಸದ್ದು. ಅಷ್ಟೇ. ಅವರನ್ನು ಹೊರಗೆಳೆದವನು ನಾನೇ — ಅದಕ್ಕೂ ಜನ ನನ್ನನ್ನು ಹೊಗಳಿದರು. ಅವರ ಕೈಗಳು… ಬರೆಯಲಾರೆ.

ಎರಡು ದಿನದ ಮೇಲೆ ತನಿಖೆಗೆ ಬಂದ ಅಧಿಕಾರಿ ನಮ್ಮಿಬ್ಬರನ್ನೂ ಪೊಲೀಸ್ ಸ್ಟೇಷನ್ನಿಗೆ ಕರೆಸಿದರು. ಸ್ಟವ್ವಿನ ಮೂಲೆ ಪೂರ್ತಿ ಸುಟ್ಟುಹೋಗಿತ್ತು. ಅಲ್ಲಿ ತೂತಿತ್ತೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಆದರೆ ಪೂಜೆಯ ಫೋಟೊದಲ್ಲಿ ಟೀಚರ್ ನಗುತ್ತಾ ಕುಳಿತಿದ್ದ ನೆಲ ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿತ್ತು.

"ಗ್ಯಾಸ್ ಹೋಗಕ್ಕೆ ದಾರಿನೇ ಬಿಟ್ಟಿಲ್ವಲ್ರೀ?"

"ಬಿಟ್ಟಿದ್ದೆ ಸಾರ್. ನಾನೇ ಕೊರ್ದಿದ್ದೆ," ಎಂದು ಅನ್ವರ್ ನನ್ನ ಕಡೆ ತಿರುಗಿದ. "ಅಲ್ವೇನೋ?"

ಹೌದು ಎನ್ನಲು ಎಷ್ಟು ಹೊತ್ತು ಬೇಕು? ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ, ಪ್ರೀತಿಯಿಂದ ಹೇಳಿದೆ:

"ನೀನು ಆವತ್ತು ರೋಜಾ ಇದ್ದೆ ಕಣೋ ಅನ್ವರ್. ಬಿಸಿಲು ಬೇರೆ. ಮರ್ತಿರ್ತೀಯ."

ಅವನು ಜಗಳವಾಡಲಿಲ್ಲ. ಬೈಯಲಿಲ್ಲ. ಚೀಲದೊಳಗೆ ಕೈ ಹಾಕಿದ — ಜಾಲರಿ ಅಲ್ಲೇ ಇತ್ತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಹಾಕಿಲ್ಲ…" ಎಂದ. ಆಮೇಲೆ, "ಹಂಗಾದ್ರೆ ಕೊರ್ದೂ ಇಲ್ವೇನೋ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅಲ್ಲಿ ಕಳ್ಳ ಸುಮ್ಮನೆ ನಿಂತಿದ್ದ. ಕದಿಯದವನು ಹೆಗಲು ಮುಟ್ಟಿಕೊಂಡ.

ತೂತಿದ್ದಿದ್ದರೆ ಅಷ್ಟು ಗ್ಯಾಸೂ ಇಳಿದುಹೋಗುತ್ತಿತ್ತೇ? ಗೊತ್ತಿಲ್ಲ. ಆ 'ಗೊತ್ತಿಲ್ಲ'ದ ಹಿಂದೆ ನಾನು ಬಹಳ ವರ್ಷ ಅಡಗಿ ಕುಳಿತಿದ್ದೆ. ಆದರೆ ಅನ್ವರನ ಹೆಗಲ ಮೇಲೆ ಕೈಯಿಟ್ಟದ್ದಕ್ಕೆ ಅಡಗಲು ಜಾಗವಿಲ್ಲ.

ಟೀಚರ್ ದೂರು ಕೊಡಲಿಲ್ಲ. "ಬೇಕಂತ ಮಾಡಿದ್ನಾ ಪಾಪ," ಎಂದುಬಿಟ್ಟರು. ಅವರ ಬೆರಳುಗಳು ಮಡಚಿಕೊಂಡು ಮತ್ತೆ ಬಿಡಿಸಿಕೊಳ್ಳಲಿಲ್ಲ. ನೋಡಲು ಹೋದಾಗಲೆಲ್ಲ, "ನಿನ್ ಕೆಲ್ಸ ಬಹಳ ಚೆನ್ನಾಗಿತ್ತು ಕಣಪ್ಪಾ, ಒಂದಿನನಾದ್ರೂ ಇರಕ್ಕಾಗ್ಲಿಲ್ಲ," ಎನ್ನುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ಕಛ್ ನೋಡಲಿಲ್ಲ. ಅವರಿಗೆ ನಾನು ಕೊನೆಗೂ ಹೇಳಲಿಲ್ಲ.

ಅನ್ವರ್ ಮತ್ತೆ ಉಪಕರಣ ಮುಟ್ಟಲಿಲ್ಲ. ಈಗ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುತ್ತಾನೆ. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತಾನೆ, ಮತ್ತೆ ಬರುತ್ತಾನೆ. ಕೆಲಸದ ದಿನ ರೋಜಾ ಇಡಲು ಹೆದರುತ್ತಾನೆಂದು ಅವನ ಹೆಂಡತಿ ಶಮೀಮ್ ಒಮ್ಮೆ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು. ಅವನ ಕಸುಬನ್ನಷ್ಟೇ ಅಲ್ಲ, ಅವನಿಗೂ ಅವನ ದೇವರಿಗೂ ನಡುವೆ ಇದ್ದದ್ದನ್ನೂ ನಾನು ಕೆಡಿಸಿದೆ. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರಲ್ಲ — ಮಾಡಿದವನು ನಾನು, ಉಣ್ಣುತ್ತಿರುವವನು ಅವನು.

ಕಳೆದ ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ಶಮೀಮ್ ಸಂತೆಗೆ ಹೋಗಿದ್ದಳು. ಅವನೇ ಚಹಾ ಕಾಯಿಸಿ ಕೊಟ್ಟ. ಎಲ್ಲ ಹೇಳಿದೆ. ಸಾಕ್ಷಿಗೆಂದು ಜೇಬಿನಿಂದ ಬಿಲ್ಲೆ ತೆಗೆದಿಟ್ಟೆ — ಆವತ್ತು ಅವನು ಕೊರೆದಾಗ ಉದುರಿದ ದುಂಡು ಪ್ಲೈವುಡ್ ಬಿಲ್ಲೆ. ಏಳು ವರ್ಷ ಮೊಳೆ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದೆ. ಹೊಡೆಯುತ್ತಾನೆಂದು ಕಾದೆ. ಹೊಡೆದರೆ ಸಾಕು ಎಂದು ಬೇಡಿಕೊಂಡೆ.

ಅವನು ಬಿಲ್ಲೆಯನ್ನು ಕೈಯಲ್ಲಿ ತಿರುವಿ ನೋಡಿ ನಕ್ಕ. ಅವನ ಕಣ್ಣು ತುಂಬಿತ್ತು.

"ಇಂಥವು ನಿನ್ ಶೆಡ್ಡಲ್ಲಿ ನೂರು ಬಿದ್ದಿವೆ ನಂಜುಂಡ. ನನ್ ತಪ್ಪು ನಿನ್ ತಲೆ ಮೇಲೆ ಹಾಕ್ಕೊಂಡ್ರೆ ನನಗೆ ಸಮಾಧಾನ ಆಗ್ತದೆ ಅಂತ ತಾನೆ? ಬೇಡ ಕಣೋ. ಆವತ್ತು ಸ್ಟೇಷನ್ನಲ್ಲೂ ಒಂದು ಕೆಟ್ಟ ಮಾತಾಡ್ಲಿಲ್ಲ ನೀನು, ರೋಜಾ ಇದ್ದೆ ಅಂತ ನನ್ ಪರವಾಗೇ ಹೇಳ್ದೆ. ನಿನ್ನಂಥ ದೋಸ್ತು ಎಲ್ರಿಗೂ ಸಿಗಲ್ಲ."

ದೇವರಾಣೆ ನಿಜ ಎಂದೆ. ಮಕ್ಕಳಾಣೆ ಎಂದೆ. ಅವನು ನನ್ನ ಬೆನ್ನು ಸವರಿ, "ಬಿಡು, ಬಿಡು," ಎಂದ. ಮುಂದಿನ ಭಾನುವಾರವೂ ಹೋಗುತ್ತೇನೆ. ಅದರ ಮುಂದಿನ ಭಾನುವಾರವೂ. ಶಮೀಮ್ ಮುಂದೆ ಹೇಳುತ್ತೇನೆ, ಅವನ ಮಸೀದಿಯ ಹಿರಿಯರ ಮುಂದೆ ಹೇಳುತ್ತೇನೆ. ನಂಬುತ್ತಾನೆಂಬ ಆಸೆ ನನಗಿಲ್ಲ.

ನಾನು ಚಪ್ಪಲಿ ಮೆಟ್ಟುವಾಗ ಅವನು ಅಡುಗೆಮನೆಯ ಬಾಗಿಲಲ್ಲಿ ತಡವರಿಸುತ್ತಾ ನಿಂತಿದ್ದ.

"ಗ್ಯಾಸ್ ಆಫ್ ಮಾಡಿದೀನಾ, ಒಂದ್ಸಲ ನೋಡ್ಬಿಟ್ಟು ಹೋಗಪ್ಪಾ. ನಾನು ನೋಡಿದ್ರೆ ನಂಬಿಕೆ ಬರಲ್ಲ."

ಒಳಗೆ ಹೋಗಿ ನೋಡಿದೆ. ಆಫ್ ಆಗಿತ್ತು. "ಆಗಿದೆ ಕಣೋ," ಎಂದೆ. ಆ ಮಾತನ್ನು ಅವನು ತಕ್ಷಣ ನಂಬಿದ.